ಆರು ಮಿಲಿಮೀಟರ್

ನನ್ನ ಹೆಂಡತಿ ಕರಾಟೆ ಕಲಿಯುತ್ತಾಳೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಎಲ್ಲಾದರೂ ಊದಿಕೊಂಡಿದೆಯೋ ಎಂದು. ಆಮೇಲೆ ಅವಳ ಕನ್ನಡಕ ನೋಡುತ್ತಾರೆ. ಅದನ್ನು ನೋಡಿದ ಮೇಲೆ ಯಾರೂ ನಗುವುದಿಲ್ಲ. ಎರಡು ಕಣ್ಣಿಗೂ ಮೈನಸ್ ಒಂಬತ್ತು. ಶಾಲೆಯಲ್ಲಿ ಅವಳನ್ನು ಸೋಡಾಬುಡ್ಡಿ ಎಂದು ಕರೆಯುತ್ತಿದ್ದರಂತೆ. ಕರಾಟೆ ಕ್ಲಾಸಿನಲ್ಲೂ ಅದೇ ಹೆಸರು ನಿಂತಿತು. ಈ ಸಲ ಅದನ್ನು ಹೇಳಿಕೊಟ್ಟವಳು ಅವಳೇ.

ಆ ಕನ್ನಡಕ ಮಾಡುವವನು ನಾನು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದೇನೆ. ಮುಂದೆ ಕೂತು ಗಿರಾಕಿಗಳಿಗೆ ಕನ್ನಡಿ ಹಿಡಿಯುವವರು ಬೇರೆ; ನಾನು ಧೂಳು, ನೀರು, ಉಜ್ಜುಗಲ್ಲಿನ ಮನುಷ್ಯ. ಅವಳಿಗೆ ಲಾಂಡ್ರಿಯಲ್ಲಿ ಕೆಲಸ. ಬಂದ ಬಟ್ಟೆಗಳಲ್ಲಿ ಕಲೆ ಎಲ್ಲಿದೆ, ಯಾವುದರ ಕಲೆ ಎಂದು ಹುಡುಕಿ ಚೀಟಿ ಹಚ್ಚಬೇಕು. ಅದಕ್ಕೆ ಅವಳು ಕನ್ನಡಕ ತೆಗೆದುಬಿಡುತ್ತಾಳೆ. ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರೆ ಸಾಸಿವೆ ಕಾಳಿನಷ್ಟು ಎಣ್ಣೆಯೂ ಅವಳಿಂದ ತಪ್ಪಿಸಿಕೊಳ್ಳುವುದಿಲ್ಲ. ಒಂದು ಗೇಣಿನಾಚೆ ಹೋದರೆ ಮಾತ್ರ ಲೋಕವೆಲ್ಲ ಮಂಜು.

ಕರಾಟೆಗೆ ಸೇರಿದವಳು ನಿಜವಾಗಿ ನಮ್ಮ ಮಗಳು. ಅಮ್ಮ ಜೊತೆಗೆ ಬಂದರೆ ಮಾತ್ರ ಹೋಗುತ್ತೇನೆ ಎಂದು ಹಟ ಹಿಡಿದಳು. ಎರಡು ವಾರಕ್ಕೆ ಮಗಳಿಗೆ ಸಾಕಾಯಿತು, ಅಮ್ಮನಿಗೆ ಆಗಲಿಲ್ಲ. ಆಗ ಅವಳಿಗೆ ಮೂವತ್ತೊಂಬತ್ತು. ಚಿಕ್ಕಂದಿನಿಂದ ಅವಳು ಕೇಳಿದ್ದು ಒಂದೇ ಮಾತು: ಓಡಬೇಡ, ಕನ್ನಡಕ ಒಡೀತದೆ. ಆಟದ ಪೀರಿಯಡ್ಡಿನಲ್ಲಿ ಬೇರೆ ಮಕ್ಕಳ ಚೀಲ ಕಾಯುವ ಕೆಲಸ ಅವಳದು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಹಳೆಯ ಗೋದಾಮಿನ ಮೇಲಿನ ಹಾಲಿನಲ್ಲಿ, ಮೊದಲ ಸಲ ಅವಳು ಬೆಂಚಿನಿಂದ ಎದ್ದು ನಡುವೆ ನಿಂತಳು. ಇನ್ನು ಕೂರುವವಳಲ್ಲ ಎನ್ನುವುದು ನನಗೆ ಅರ್ಥವಾಗಬೇಕಿತ್ತು.

ಕನ್ನಡಕ ತೆಗೆದು ಆಡಲು ಒಂದು ದಿನ ನೋಡಿದಳಂತೆ. ಕ್ಲಾಸ್ ಮುಗಿದ ಮೇಲೆ ಮೇಷ್ಟ್ರಿಗೆ ಬಾಗಿ ನಮಸ್ಕರಿಸಿ ತಲೆಯೆತ್ತಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳು ನಮಸ್ಕರಿಸಿದ್ದು ಮೊಳೆಗೆ ನೇತುಹಾಕಿದ್ದ ಮೇಷ್ಟ್ರ ಕೋಟಿಗೆ. ಕಣ್ಣೊಳಗೆ ಹಾಕುವ ಲೆನ್ಸ್ ಅವಳಿಗೆ ಒಗ್ಗದು. ಲಾಂಡ್ರಿಯ ಹಬೆಗೆ ಕಣ್ಣು ಕೆಂಪಗಾಗುತ್ತದೆ. ಆದ್ದರಿಂದ ಹಳೆಯ ಕನ್ನಡಕಕ್ಕೆ ಲಂಗದ ಎಲಾಸ್ಟಿಕ್ ಹೊಲಿದು, ತಲೆಯ ಹಿಂದೆ ಬಿಗಿದುಕೊಂಡು ಆಡತೊಡಗಿದಳು. ಹಾಗೆಯೇ ಹಳದಿ ಬೆಲ್ಟ್ ಪಡೆದಳು.

ಅಲ್ಲಿಯವರೆಗೆ ಗಾಳಿಗೆ ಗುದ್ದುವ ಆಟ, ನಾನು ಸುಮ್ಮನಿದ್ದೆ. ಹಸಿರು ಬೆಲ್ಟಿಗೆ ಹಾಗಲ್ಲ. ಎದುರಿಗೆ ಮನುಷ್ಯರು ನಿಲ್ಲುತ್ತಾರೆ.

ನನಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ಸಾಗುವ ಪೈಕಿ ನಾನು. ಇದಕ್ಕೆ ಮಾತ್ರ ಕಾರಣವೂ ಇತ್ತು. ಅವಳ ಕಣ್ಣು ನೋಡುವ ಡಾಕ್ಟರಮ್ಮ ನಾಲ್ಕು ವರ್ಷದ ಹಿಂದೆಯೇ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: “ಇಷ್ಟು ಪವರ್ ಇರೋರಿಗೆ ಕಣ್ಣಿನ ಹಿಂದಿನ ಪರದೆ ತೆಳ್ಳಗಿರುತ್ತೆ. ಜೋರಾಗಿ ಪೆಟ್ಟು ಬಿದ್ರೆ ಹರೀಬಹುದು. ಹರಿದ್ರೆ ಕಣ್ಣು ಹೋಗೋ ಸಾಧ್ಯತೆ ಇದೆ.” ಹರಿಯುವುದು ಎನ್ನುವ ಆ ಮಾತು ನನ್ನ ತಲೆಯಲ್ಲಿ ಕೂತು ಬಿಟ್ಟಿತು. ಬಸ್ಸಿನಲ್ಲಿ ಯಾರ ಮೊಣಕೈಯಾದರೂ ಅವಳ ಮುಖದ ಹತ್ತಿರ ಬಂದರೆ ನಾನು ನಡುವೆ ಕೈ ಅಡ್ಡ ಇಡುತ್ತಿದ್ದೆ. ಈಗ ಅವಳು ತಾನಾಗಿಯೇ ಮುಖವೊಡ್ಡಿ ನಿಲ್ಲಲು ಹೊರಟಿದ್ದಳು.

“ನಮ್ಮಲ್ಲಿ ಮುಖಕ್ಕೆ ಮುಟ್ಟೋ ಹಾಗಿಲ್ಲ ರೀ,” ಎಂದಳು. “ಮುಷ್ಟಿ ಎರಡು ಬೆರಳು ಹಿಂದೇನೇ ನಿಲ್ಲಬೇಕು. ಮುಟ್ಟಿದವರು ಫೇಲ್. ಅದೇ ವಿದ್ಯೆ.”

“ಎರಡು ಬೆರಳು ಅಂದ್ರೆ ಎಷ್ಟು ಗೊತ್ತಾ ನಿಂಗೆ? ಯಾರಾದ್ರೂ ಸೀನಿದ್ರೆ ಮುಗೀತು.”

“ಸೀನೋರ ಜೊತೆ ಆಡಲ್ಲ ಬಿಡಿ.”

ಬೇಡ ಎಂದೆ. ಡಾಕ್ಟರಮ್ಮನ ಹೆಸರು ಹೇಳಿದೆ. ಮಗಳ ಹೆಸರು ಹೇಳಿದೆ. ಎರಡು ದಿನ ಮಾತು ಬಿಟ್ಟೆ, ಅದರಿಂದ ಮನೆ ಶಾಂತವಾಯಿತೇ ಹೊರತು ಬೇರೇನೂ ಆಗಲಿಲ್ಲ. ಕೊನೆಗೆ ಗಾಜು ಒಡೆದು ಕಣ್ಣಿಗೆ ಚುಚ್ಚಿಕೊಂಡರೆ ಎಂದೆ. “ಹೌದಲ್ವಾ,” ಎಂದಳು ತಕ್ಷಣ. “ಒಡೆಯದ ಪ್ಲಾಸ್ಟಿಕ್ ಲೆನ್ಸ್ ಬರುತ್ತಲ್ಲ, ಅದರಲ್ಲಿ ಒಂದು ಮಾಡಿಕೊಡಿ. ನೀವೇ ಮಾಡಿಕೊಡಿ. ಬೇರೆ ಯಾರೂ ಮಾಡಿದ್ದು ನಂಗೆ ಸರಿಹೋಗಲ್ಲ.” ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಅದಕ್ಕೆ ನಮ್ಮ ಕೆಲಸದ ಒಂದು ವಿಷಯ ಗೊತ್ತಿರಬೇಕು. ಪ್ರತಿ ಲೆನ್ಸಿಗೂ ಒಂದು ನಡುಬಿಂದು ಇರುತ್ತದೆ. ಅದು ಕಣ್ಣಿನ ಪಾಪೆಯ ನೇರಕ್ಕೇ ಬರಬೇಕು. ಆದ್ದರಿಂದ ಎರಡು ಪಾಪೆಗಳ ನಡುವಿನ ಅಂತರ ಅಳೆದು, ಲೆನ್ಸಿನ ಮೇಲೆ ಶಾಯಿಯ ಚುಕ್ಕೆ ಇಟ್ಟು, ಆಮೇಲೆ ಕತ್ತರಿಸುತ್ತೇವೆ. ಅವಳದು ಅರವತ್ತು ಮಿಲಿಮೀಟರ್. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಚುಕ್ಕೆಗಳು ಒಳಕ್ಕೆ ಸರಿದರೆ ಎದುರಿಗಿರುವ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಕಣ್ಣು ಎಳೆಯುತ್ತದೆ, ತಲೆ ಸಿಡಿಯುತ್ತದೆ. ಸಣ್ಣ ಪವರ್ ಆದರೆ ಗೊತ್ತೇ ಆಗುವುದಿಲ್ಲ. ಮೈನಸ್ ಒಂಬತ್ತಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಅವಳ ಕರಾಟೆ ಕನ್ನಡಕವನ್ನು ಐವತ್ತನಾಲ್ಕಕ್ಕೆ ಕೂರಿಸಿದೆ.

ಕೈ ತಪ್ಪಿ ಅಲ್ಲ. ಯೋಚನೆ ಮಾಡಿ. ಎದುರಾಳಿ ಹತ್ತಿರ ಕಂಡರೆ ಇವಳು ಬೇಗ ಹಿಂದೆ ಸರಿಯುತ್ತಾಳೆ, ಇವಳ ಗುದ್ದೂ ಮೊದಲೇ ನಿಲ್ಲುತ್ತದೆ, ಯಾರಿಗೂ ಪೆಟ್ಟಾಗದು ಎಂದು ಲೆಕ್ಕ ಹಾಕಿದ್ದೆ. ತಲೆನೋವು ತಾಳಲಾರದೆ ಹದಿನೈದು ದಿನಕ್ಕೆ ಬಿಡುತ್ತಾಳೆ. ಬಿಟ್ಟರೆ ಕಣ್ಣು ಉಳಿಯುತ್ತದೆ. ಮೂರು ಮಿಲಿಮೀಟರ್ ಈ ಕಡೆ, ಮೂರು ಆ ಕಡೆ. ಒಟ್ಟು ಒಂದು ಅಕ್ಕಿಕಾಳಿನಷ್ಟು ಮೋಸ. ಫ್ರೇಮಿಗೆ ಅಗಲವಾದ ಪಟ್ಟಿ ಹಾಕಿ, ಮೂಗಿಗೆ ಮೆತ್ತೆ ಕೂರಿಸಿ, ಬಹಳ ಚೆನ್ನಾಗಿ ಮಾಡಿದ್ದೆ. ಹಾಕಿಕೊಂಡು ಕನ್ನಡಿಯ ಮುಂದೆ ತಲೆ ಕೊಡವಿ ನೋಡಿ, “ಅಲ್ಲಾಡೋದೇ ಇಲ್ಲ ರೀ,” ಎಂದು ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟಳು.

ತಲೆನೋವು ಬಂತು. ಕ್ಲಾಸಿನಿಂದ ಬಂದವಳೇ ಒದ್ದೆ ಬಟ್ಟೆಯನ್ನು ಹಣೆಗೆ ಹಾಕಿಕೊಂಡು ಗೋಡೆಗೆ ಒರಗುತ್ತಿದ್ದಳು. “ಮುಷ್ಟಿ ಒಂದು ಗೇಣು ಹಿಂದೇನೇ ನಿಲ್ಲುತ್ತೆ,” ಎನ್ನುತ್ತಿದ್ದಳು. “ಬೇಕರಿಯವಳು ನಗ್ತಾಳೆ, ಅಕ್ಕಾ, ನೀವು ಪಕ್ಕದ ಬೀದಿಯಿಂದ ಗುದ್ದುತೀರಾ ಅಂತ.” ಬೇಕರಿಯವಳು ಅವಳ ಜೋಡಿ, ಬೆಳಗಿನಿಂದ ಹಿಟ್ಟು ನಾದಿ ನಾದಿ ತೋಳು ಕಬ್ಬಿಣ ಮಾಡಿಕೊಂಡ ಹುಡುಗಿ. ನಾನು ಮಾತ್ರೆ ತಂದುಕೊಟ್ಟೆ, ಹಣೆ ಒತ್ತಿದೆ. “ವಯಸ್ಸಾಯಿತಲ್ಲ, ಸಾಕು ಬಿಡು,” ಎಂದೂ ಹೇಳಿದೆ. ಆಗ ನನ್ನ ದನಿಯಲ್ಲಿ ಎಷ್ಟು ಅಕ್ಕರೆಯಿತ್ತು ಎಂದು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಹದಿನೈದು ದಿನ ಕಳೆಯಿತು. ಬಿಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಟವೆಲ್ ನೇತುಹಾಕಿ, ಬೆಳಿಗ್ಗೆ ಹಾಲು ಕಾಯುವವರೆಗೆ ನೂರು ಗುದ್ದು, ಸಂಜೆ ನೂರು. ಪ್ರತಿ ಗುದ್ದಿಗೂ ಟವೆಲ್ಲಿಗೂ ಮುಷ್ಟಿಗೂ ನಡುವೆ ಇನ್ನೊಂದು ಕೈಯ ಎರಡು ಬೆರಳಿಟ್ಟು ಅಳೆಯುವಳು. ಯಾವಾಗಲೂ ಆ ಕನ್ನಡಕ ಹಾಕಿಕೊಂಡೇ. ಒಂದು ತಿಂಗಳಿಗೆ ತಲೆನೋವು ನಿಂತಿತು. ಎರಡು ತಿಂಗಳಿಗೆ ಟವೆಲ್ ಅಲುಗಾಡುವುದು ನಿಂತಿತು. ಕಣ್ಣು ಸುಳ್ಳು ಹೇಳುತ್ತಿದ್ದರೂ ಕೈ ನಿಜವನ್ನು ಕಂಡುಕೊಂಡುಬಿಟ್ಟಿತ್ತು. ಆ ಫ್ರೇಮ್ ಮೂಗಿನ ಮೇಲೆ ಕೂತ ಕೂಡಲೇ ಅವಳ ತೋಳಿಗೆ ಬೇರೆಯೇ ಅಳತೆ ಬರುತ್ತಿತ್ತು.

ಹಸಿರು ಬೆಲ್ಟಿನ ಪರೀಕ್ಷೆಗೆ ನಾಲ್ಕು ದಿನವಿರುವಾಗ ಮೊದಲ ಸಲ ಕ್ಲಾಸ್ ನೋಡಲು ಹೋದೆ. ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತೆ. ಮೇಷ್ಟ್ರು ಹಗಲು ಹೊತ್ತಿನಲ್ಲಿ ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದುವವರು, ಒಣಕಲು ಮನುಷ್ಯ. ನನ್ನ ಹತ್ತಿರ ಬಂದು, “ನಿಮ್ಮ ಮನೆಯವರನ್ನು ನೋಡಿ ಸರ್,” ಎಂದರು. ಅವಳು ಬೇಕರಿಯವಳ ಎದುರು ನಿಂತಿದ್ದಳು. ಮುಷ್ಟಿ ಹೋಯಿತು, ನಿಂತಿತು. ಮತ್ತೆ ಹೋಯಿತು, ಅಲ್ಲೇ ನಿಂತಿತು. “ಶುರುವಲ್ಲಿ ಇವರಿಂದ ಆಗಲ್ಲ ಅಂದ್ಕೊಂಡಿದ್ದೆ. ಈಗ ಕ್ಲಾಸಲ್ಲಿ ಇಷ್ಟು ಚೊಕ್ಕ ಅಳತೆ ಇನ್ಯಾರಿಗೂ ಇಲ್ಲ. ಕನ್ನಡಕ ನೀವೇ ಮಾಡಿದ್ದಂತೆ? ಕೈ ಮುಗೀಬೇಕು ಸರ್ ನಿಮಗೆ.”

ಅವಳ ಮುಖ ನೋಡಿದೆ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಅಷ್ಟು ಖುಷಿಯಾಗಿ ಅವಳನ್ನು ಕಂಡಿರಲಿಲ್ಲ. ಇಂಥವಳ ಕಾಲಿಗೆ ನಾನು ಕಲ್ಲು ಕಟ್ಟಿದ್ದೆ, ಅವಳು ಕಲ್ಲಿನ ಸಮೇತ ಓಡಿ ತೋರಿಸಿದ್ದಳು.

ಮೂರು ದಿನ ನನ್ನ ಕೈಯಲ್ಲಿ ಕೆಲಸ ಓಡಲಿಲ್ಲ. ಹೇಳಿಬಿಡಲೇ ಎಂದರೆ ಬಾಯಿ ಬರಲಿಲ್ಲ. ಕೊನೆಗೆ ಹೇಡಿಗಳು ಮಾಡುವುದನ್ನೇ ಮಾಡಿದೆ: ಹೇಳದೆ ಸರಿಪಡಿಸುವುದು. ಶನಿವಾರ, ಕಡ್ಡಿಯ ಸ್ಕ್ರೂ ಬಿಗಿ ಮಾಡಿಕೊಡುತ್ತೇನೆ ಎಂದು ಕನ್ನಡಕವನ್ನು ಅಂಗಡಿಗೆ ಒಯ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹೊಸ ಲೆನ್ಸ್ ಕತ್ತರಿಸಿ, ಅರವತ್ತಕ್ಕೆ ಸರಿಯಾಗಿ ಕೂರಿಸಿದೆ. ಯಂತ್ರದಲ್ಲಿ ಎರಡು ಸಲ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಳೆಯ ಲೆನ್ಸುಗಳನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಾಗ ಎದೆಯ ಮೇಲಿನ ಭಾರ ಇಳಿದಂತಾಯಿತು. ನಾಳೆ ಅವಳಿಗೆ ಎಲ್ಲವೂ ಇದ್ದ ಹಾಗೆ ಕಾಣುತ್ತದೆ, ಇನ್ನೂ ಚೆನ್ನಾಗಿ ಆಡುತ್ತಾಳೆ ಎಂದುಕೊಂಡೆ.

ದಿನಕ್ಕೆ ಹತ್ತು ಗಿರಾಕಿಗಳಿಗೆ ನಾವು ಹೇಳುವ ಮಾತೊಂದಿದೆ: ಹೊಸ ಕನ್ನಡಕ, ಒಂದು ವಾರ ಮೆಟ್ಟಿಲು ನೋಡಿಕೊಂಡು ಇಳಿಯಿರಿ, ಗಾಡಿ ಓಡಿಸಬೇಡಿ, ಕಣ್ಣು ಹೊಂದಿಕೊಳ್ಳಲಿ. ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅದನ್ನು ಕೇಳಿಸಿಕೊಂಡವನು ನಾನು. ಆ ದಿನ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಕರಾಟೆ ಹಾಲಿನ ಬಾಗಿಲಲ್ಲಿ ಕನ್ನಡಕ ಕೊಟ್ಟೆ. ಮಗಳು ಶಾಲೆಯ ಪರೀಕ್ಷೆಗೆ ಓದಲು ಗೆಳತಿಯ ಮನೆಗೆ ಹೋಗಿದ್ದಳು, ಬಂದಿದ್ದು ನಾವಿಬ್ಬರೇ. ಅವಳು ಪಟ್ಟಿ ಬಿಗಿದುಕೊಂಡು ಕಣ್ಣು ಪಿಳಿಪಿಳಿ ಮಾಡಿದಳು.

“ಏನೋ ಬೇರೆ ಥರ ಇದೆಯಲ್ಲ ರೀ?”

“ಚೆನ್ನಾಗಿ ಒರೆಸಿದ್ದೀನಿ, ಅಷ್ಟೆ,” ಎಂದೆ.

ಅವಳು ನಂಬಿದಳು. ನಂಬದೆ ಏನು ಮಾಡುತ್ತಾಳೆ, ಕನ್ನಡಕದ ವಿಷಯದಲ್ಲಿ ನನ್ನ ಮಾತಿಗಿಂತ ದೊಡ್ಡ ಮಾತು ಅವಳಿಗೆ ಇರಲಿಲ್ಲ.

ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು ಮೇಜಿನ ಹಿಂದೆ ಕೂತಿದ್ದರು. ಅವಳ ಸರದಿ ನಾಲ್ಕನೆಯದು. ಎದುರಿಗೆ ಬೇಕರಿಯವಳು. ಮೊದಲ ಗುದ್ದು ಬೇಕರಿಯವಳ ಮೂಗಿನ ತುದಿಯನ್ನು ಸವರಿತು. ಹಾಲಿನಲ್ಲಿ ಒಂದು ಸಣ್ಣ ಉಸಿರು ಕೇಳಿಸಿತು. ಅವಳು ತಡಬಡಿಸಿ ಬಾಗಿ ಕ್ಷಮೆ ಕೇಳಿದಳು, ಕನ್ನಡಕ ಸರಿಮಾಡಿಕೊಂಡಳು. ಆ ಕ್ಷಣದಲ್ಲಿ ನನಗೆ ಎಲ್ಲವೂ ಹೊಳೆಯಿತು. ಮೂರು ತಿಂಗಳು ಎಲ್ಲವನ್ನೂ ಹತ್ತಿರ ಕಂಡು ಕೈಯನ್ನು ಮುಂದಕ್ಕೆ ಚಾಚಲು ಕಲಿತವಳು ಅವಳು. ಈಗ ಎಲ್ಲವೂ ದೂರ ಕಾಣುತ್ತಿತ್ತು, ಕೈಯೂ ಕಾಲೂ ಮಾತ್ರ ಹಳೆಯ ಲೆಕ್ಕದಲ್ಲೇ ಇದ್ದವು.

“ನಿಲ್ಸಿ!” ಎಂದು ಕೂಗಿದೆ. ಕೂಗಿದೆನೋ, ಕೂಗಬೇಕೆಂದುಕೊಂಡೆನೋ, ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರೂ ನನ್ನ ಕಡೆ ತಿರುಗಲಿಲ್ಲ. ಬೇಕರಿಯವಳ ಮುಷ್ಟಿ ನೇರವಾಗಿ ಬಂತು. ಅದು ನಿಲ್ಲಬೇಕಾದ ಜಾಗದಲ್ಲೇ ನಿಲ್ಲುತ್ತಿತ್ತು, ಆ ಹುಡುಗಿಯದು ಎಳ್ಳಷ್ಟೂ ತಪ್ಪಿಲ್ಲ. ನನ್ನ ಹೆಂಡತಿ ಇನ್ನೂ ಜಾಗವಿದೆ ಎಂದುಕೊಂಡು ಒಂದು ಹೆಜ್ಜೆ ಒಳಗೆ ಹೋಗಿ ಆ ಮುಷ್ಟಿಗೆ ಮುಖ ಕೊಟ್ಟಳು.

ಬಲಗಣ್ಣಿನ ಮೇಲೆ. ಕನ್ನಡಕದ ಕಡ್ಡಿ ಮುರಿದ ಸದ್ದು ನನ್ನವರೆಗೂ ಕೇಳಿಸಿತು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಬೇಕರಿಯವಳು ಅಳುತ್ತಿದ್ದಳು. ಮೇಷ್ಟ್ರು ಐಸ್ ಒತ್ತುತ್ತಿದ್ದರು. ನಾನು ಅವಳ ಮುಖದ ಮುಂದೆ ಬೆರಳಾಡಿಸುತ್ತ ಎಷ್ಟು, ಎಷ್ಟು ಎಂದು ಕೇಳುತ್ತಲೇ ಇದ್ದೆ. “ಕನ್ನಡಕ ಇಲ್ಲದೆ ಯಾವತ್ತು ಕಂಡಿದೆ ರೀ ನಂಗೆ,” ಎಂದಳು ಅವಳು. ಡಾಕ್ಟರಮ್ಮನ ಕ್ಲಿನಿಕ್ ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಆಟೋದಲ್ಲಿ ಕೂತ ಮೇಲೆ ಅವಳ ಚೀಲ, ಅದರೊಳಗಿನ ದಿನನಿತ್ಯದ ಕನ್ನಡಕ ಎರಡೂ ಹಾಲಿನಲ್ಲೇ ಉಳಿದದ್ದು ತಿಳಿಯಿತು. ಇದ್ದರೂ ಊದಿದ ಹುಬ್ಬಿನ ಮೇಲೆ ಅದು ಕೂರುತ್ತಿರಲಿಲ್ಲ. “ಮಿಂಚು ಹೊಳೆದ ಹಾಗೆ ಆಗ್ತಿದೆ,” ಎಂದಳು ದಾರಿಯಲ್ಲಿ, ಬಹಳ ಮೆಲ್ಲಗೆ. ಮಿಂಚು ಕಂಡರೆ ತಕ್ಷಣ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದು ಇಬ್ಬರಿಗೂ ನೆನಪಿತ್ತು.

ಪಾಪೆ ಅಗಲವಾಗುವ ಔಷಧಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

“ನನ್ನದೇ ತಪ್ಪು,” ಎಂದಳು. “ಹೆದರಿಬಿಟ್ಟೆ ಅನ್ಸುತ್ತೆ. ಪರೀಕ್ಷಕರನ್ನು ನೋಡಿ ಅಳತೆ ಎಲ್ಲ ಮರೆತುಹೋಯ್ತು.”

ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದಲೂ ಆಗಲಿಲ್ಲ. ಹೇಳಿದೆ. ಮೊದಲಿನಿಂದ, ಐವತ್ತನಾಲ್ಕರಿಂದ ನಿನ್ನೆಯ ಅರವತ್ತರವರೆಗೆ, ಒರೆಸಿದ್ದೇನೆ ಎಂದ ಮಾತನ್ನೂ ಸೇರಿಸಿ ಹೇಳಿದೆ. ನಿನ್ನ ಕಣ್ಣಿಗಾಗಿಯೇ ಮಾಡಿದ್ದು ಎಂದೂ ಹೇಳಿದೆ.

ಅವಳು ಕಣ್ಣು ತೆರೆದು ನನ್ನ ಕಡೆ ತಿರುಗಿದಳು. ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪಾಗಿತ್ತು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ.

“ಎಷ್ಟು?”

“ಆರು ಮಿಲಿಮೀಟರ್.”

ಅವಳು ಮತ್ತೆ ಕಣ್ಣು ಮುಚ್ಚಿ ಗೋಡೆಗೆ ತಲೆಯಾನಿಸಿದಳು. ಬೈದಿದ್ದರೆ ಸಹಿಸುತ್ತಿದ್ದೆ.

“ಆ ಮೊದಲನೇ ತಿಂಗಳು,” ಎಂದಳು, “ನಾನು ಹೆಡ್ಡಿ ಅಂತ ಅಂದ್ಕೊಂಡಿದ್ದೆ. ನನ್ನ ಹಣೆಬರಹವೇ ಇಷ್ಟು, ಚೀಲ ಕಾಯೋಕೇ ಲಾಯಕ್ಕು ಅಂತ. ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟು ಅತ್ತಿದ್ದೀನಿ. ಹೊರಗೆ ಬಂದರೆ ನೀವು ಹಣೆ ಒತ್ತುತಿದ್ರಿ.”

ಒಳಗಿನಿಂದ ಕರೆದರು. ಡಾಕ್ಟರಮ್ಮ ಬೆಳಕು ಬಿಟ್ಟು, ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ ಎನ್ನುತ್ತ ಎರಡು ಕಣ್ಣನ್ನೂ ಜಾಲಾಡಿದರು. “ಪರದೆ ಜಾಗದಲ್ಲೇ ಇದೆ,” ಎಂದರು. “ಹರಿದಿಲ್ಲ. ಪುಣ್ಯ ಮಾಡಿದ್ರಿ. ಮೂರು ವಾರ ಭಾರ ಎತ್ತೋದು, ಕುಣಿಯೋದು ಏನೂ ಬೇಡ. ಆಮೇಲೆ ಬನ್ನಿ, ಇನ್ನೊಂದು ಸಲ ನೋಡ್ತೀನಿ.” ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅಳು ಬಂತು, ಅತ್ತೆ. ಅವಳು ಅಳಲಿಲ್ಲ.

“ಆಮೇಲೆ ಮತ್ತೆ ಆಡಬಹುದಾ?” ಎಂದು ಕೇಳಿದಳು.

“ಬಿಟ್ರೆ ಒಳ್ಳೇದು. ಬಿಡಲ್ಲ ಅನ್ನೋದು ನಿಮ್ಮ ಮುಖದಲ್ಲೇ ಕಾಣುತ್ತೆ. ಇಷ್ಟು ದಿನ ಏನೂ ಆಗದೆ ಆಡಿದೋರು, ಇವತ್ತು ಹೇಗೆ ತಪ್ಪಿತು?”

ನಾನು ನೆಲ ನೋಡಿದೆ.

“ಕನ್ನಡಕ ಹೊಸದಿತ್ತು ಡಾಕ್ಟ್ರೇ,” ಎಂದಳು. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ನನ್ನನ್ನು ಬಿಟ್ಟುಕೊಡಲಿಲ್ಲ. ಅಷ್ಟರಿಂದಲೇ ನಾನು, ಮೂರ್ಖ, ಇನ್ನು ಮನೆಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ಹೊರಬಂದು ಮೆಟ್ಟಿಲಿನ ತಲೆಯಲ್ಲಿ ನಿಂತೆವು. ಅವಳ ಬಲಗಣ್ಣಿಗೆ ಪಟ್ಟಿ, ಎಡಗಣ್ಣಿಗೆ ಔಷಧಿಯ ಮಂಜು. ನಾನು ಮೊಣಕೈ ಮುಂದೆ ಮಾಡಿದೆ. ಬೇರೆ ಯಾರಿದ್ದಾರೆ, ಹಿಡಿದುಕೊಂಡಳು.

“ಎಷ್ಟು ಮೆಟ್ಟಿಲಿದೆ?”

“ಹದಿನಾಲ್ಕು. ಏಳಾದ ಮೇಲೆ ಎಡಕ್ಕೆ ತಿರುವು.”

ಅವಳು ಕಾಲು ಎತ್ತಲಿಲ್ಲ. ನಿಂತೇ ಇದ್ದಳು. ಕೆಳಗಿನಿಂದ ಬಕೆಟ್ ಸದ್ದು ಮೇಲಕ್ಕೆ ಬರುತ್ತಿತ್ತು. ಕ್ಲಿನಿಕ್ಕಿನ ಆಯಾ ನೆಲ ಒರೆಸಲು ಹತ್ತಿ ಬರುತ್ತಿದ್ದಳು. ನನ್ನ ಹೆಂಡತಿ ಆ ಸದ್ದಿನ ಕಡೆ ಮುಖ ತಿರುಗಿಸಿದಳು.

“ಅಮ್ಮಾ, ಇಲ್ಲಿಂದ ಕೆಳಗೆ ಎಷ್ಟು ಮೆಟ್ಟಿಲಿದೆ?”

“ಹದಿನಾಲ್ಕು ಕಣಮ್ಮ. ಮಧ್ಯದಲ್ಲಿ ಒಂದು ತಿರುವಿದೆ, ಹುಷಾರು.”

ಆಮೇಲೆ ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.